ಭಾವನ ಹೊಟ್ಟೆಯ ಮುಕ್ಕಾಲು ಇಂಚು

ನಮ್ಮ ಭಾವ ಸೂಜಿ ಬಿಸಾಡುವವರಲ್ಲ. ಬಾಗಿದರೆ ಮೇಜಿನ ಅಂಚಿಗಿಟ್ಟು ತಟ್ಟಿ ನೇರ ಮಾಡುತ್ತಾರೆ, ಮೊಂಡಾದರೆ ಉಪ್ಪುಕಾಗದದ ಮೇಲೆ ನಾಲ್ಕು ಸಲ ಉಜ್ಜುತ್ತಾರೆ. ಎರಡು ತುಂಡಾದರೆ ಮಾತ್ರ ಅದಕ್ಕೆ ಬಿಡುಗಡೆ. ಅವರು ದರ್ಜಿ, ಅದೂ ನಮ್ಮ ಬೀದಿಯಲ್ಲಿ ಕೋಟು ಹೊಲಿಯಬಲ್ಲ ಒಬ್ಬರೇ ದರ್ಜಿ. ನಾನು ಅವರ ಹೆಂಡತಿಯ ತಮ್ಮ. ಇಪ್ಪತ್ತೆರಡು ವರ್ಷದಿಂದ ಅದೇ ಅಂಗಡಿಯಲ್ಲಿ ಇಸ್ತ್ರಿ, ಗುಂಡಿ, ಕಾಜಾ ನನ್ನ ಪಾಲಿನ ಕೆಲಸ. ಕಾಜಾ ಅಂದರೆ ಗುಂಡಿ ತೂರಿಸುವ ತೂತಿನ ಸುತ್ತ ಹಾಕುವ ಹೊಲಿಗೆ. ಅದನ್ನು ಯಾರು ಹಾಕಿದರು ಎಂದು ಇದುವರೆಗೆ ಒಬ್ಬ ಗಿರಾಕಿಯೂ ಕೇಳಿಲ್ಲ, ಆ ಬೇಸರ ನನಗೆ ಇದ್ದೇ ಇದೆ.

ಅಂಗಡಿ ಎಂದರೆ ಉದ್ದಕ್ಕೆ ಹನ್ನೆರಡು ಹೆಜ್ಜೆ. ಮುಂದೆ ಕಿಟಕಿಯ ಬೆಳಕಿಗೆ ಕಟಿಂಗ್ ಟೇಬಲ್ಲು, ನಡುವೆ ಎರಡು ಮಿಷನ್ನು, ಹಿಂದೆ ನಾನು ಮತ್ತು ನನ್ನ ಇಸ್ತ್ರಿಪೆಟ್ಟಿಗೆ. ಪಕ್ಕದಲ್ಲಿ ಪರದೆ ಎಳೆದ ಒಂದು ಮೂಲೆ, ಗಿರಾಕಿ ಬಟ್ಟೆ ಹಾಕಿ ನೋಡಿಕೊಳ್ಳುವುದಕ್ಕೆ. ದಪ್ಪಗಿದ್ದವರು ಒಳಗೆ ಹೋದರೆ ಪರದೆಯೂ ಅವರ ಜೊತೆ ಉಸಿರಾಡುತ್ತದೆ. ಕಟಿಂಗ್ ಟೇಬಲ್ಲಿನ ಮುಂದೆ ಭಾವನನ್ನು ಬಿಟ್ಟು ಬೇರೆ ಯಾರೂ ನಿಲ್ಲುವ ಹಾಗಿಲ್ಲ. ಕತ್ತರಿ ಮುಟ್ಟುವುದಂತೂ ದೂರದ ಮಾತು.

ಗಿರಾಕಿ ‘ಸೊಂಟ ಸ್ವಲ್ಪ ಸಡಿಲ ಇರಲಿ’ ಅಂದರೆ ಭಾವ ತಲೆಯಾಡಿಸುತ್ತಾರೆ, ಆಮೇಲೆ ತಮಗೆ ಸರಿ ಕಂಡಷ್ಟೇ ಬಿಡುತ್ತಾರೆ. ಗಿರಾಕಿ ಹಾಕಿಕೊಂಡು, ಕನ್ನಡಿ ನೋಡಿಕೊಂಡು, ಬಾಯಿ ಮುಚ್ಚಿಕೊಂಡು ಹೋಗುತ್ತಾನೆ. ಮೂವತ್ತು ವರ್ಷ ಹೀಗೆ ಗೆದ್ದವರಿಗೆ, ಊರಿನವರೆಲ್ಲ ಹೇಳುವುದು ಬರೀ ಮಾತು, ಅಳತೆ ಗೊತ್ತಿರುವುದು ತಮಗೊಬ್ಬರಿಗೇ ಎಂದು ಅನಿಸಿಬಿಟ್ಟಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ. ಮೊದಲು ಮಾತ್ರೆ ಇತ್ತು. ಮೂರು ವರ್ಷದ ಹಿಂದೆ ಡಾಕ್ಟರು ಮಾತ್ರೆ ಸಾಲದು ಎಂದು ಇನ್ಸುಲಿನ್ ಪೆನ್ನು ಕೊಟ್ಟರು. ಪೆನ್ನಿನ ಹಿಂದಿನ ತಿರುಗಣೆಯನ್ನು ಬೇಕಾದ ಅಂಕಿಗೆ ತಿರುಗಿಸಿ ಹೊಟ್ಟೆಗೆ ಚುಚ್ಚಿಕೊಳ್ಳಬೇಕು, ದಿನಕ್ಕೆ ಮೂರು ಊಟ, ಮೂರು ಚುಚ್ಚು. ಅಂದು ನಾನೂ ಜೊತೆಗೆ ಹೋಗಿದ್ದೆ. ಆಸ್ಪತ್ರೆಯ ನರ್ಸಮ್ಮ ಮೂರು ಮಾತು ಬಿಡಿಸಿ ಬಿಡಿಸಿ ಹೇಳಿದರು. ಪ್ರತಿ ಸಲ ಹೊಸ ಸೂಜಿ. ಪ್ರತಿ ಸಲ ಬೇರೆ ಜಾಗ. ಊಟಕ್ಕೆ ಕಾಲು ಗಂಟೆ ಮೊದಲು. ಭಾವ ತಲೆಯಾಡಿಸಿದರು. ಆ ತಲೆಯಾಟ ನನಗೆ ಚೆನ್ನಾಗಿ ಪರಿಚಯವಿದ್ದದ್ದೇ.

ಹೊಸ ಸೂಜಿಯ ಮಾತು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಬಿದ್ದುಹೋಯಿತು. ಒಂದೇ ಒಂದು ಹೊಲಿಗೆ ಹಾಕಿ ಸೂಜಿ ಬಿಸಾಡುವವನು ದರ್ಜಿಯೇ ಅಲ್ಲ ಎಂದರು. ಒಂದು ಸೂಜಿ ಹದಿನೈದು ದಿನ ನಡೆಯಿತು, ಕೆಲವೊಮ್ಮೆ ಇಪ್ಪತ್ತು. ಜಾಗದ ವಿಷಯವೂ ಹಾಗೇ. ಹೊಕ್ಕುಳಿನ ಎಡಕ್ಕೆ ಮೂರು ಬೆರಳು ಬಿಟ್ಟು ಚುಚ್ಚಿದರೆ ನೋವೇ ಆಗುವುದಿಲ್ಲವಂತೆ. ನೋವಾಗದ ಜಾಗ ಬಿಟ್ಟು ನೋವಾಗುವ ಜಾಗ ಹುಡುಕಿಕೊಂಡು ಹೋಗುವುದಕ್ಕೆ ತಮಗೇನು ತಲೆ ಕೆಟ್ಟಿದೆಯೇ ಎಂದು ನನ್ನನ್ನೇ ಕೇಳಿದರು. ನನಗೂ ಅಂದು ಅದು ನ್ಯಾಯವಾಗಿಯೇ ಕಂಡಿತ್ತು, ಸುಳ್ಳು ಯಾಕೆ ಹೇಳಲಿ.

ಊಟಕ್ಕೆ ಮೊದಲು ಎಂಬುದನ್ನು ಮಾತ್ರ ಅವರು ದೊಡ್ಡ ವಾದ ಹೂಡಿ ತಳ್ಳಿಹಾಕಿದರು. ಅಂದಿನಿಂದ ಊಟ ಮುಗಿಸಿ, ಕೈ ತೊಳೆದು, ಒಂದು ಸಲ ತೇಗಿ, ಆಮೇಲೆ ಅಂಗಿ ಎತ್ತುತ್ತಿದ್ದರು. ಒಮ್ಮೆ ನಾನು ಕೇಳಿಯೇಬಿಟ್ಟೆ.

“ಭಾವ, ಊಟಕ್ಕೆ ಮೊದಲು ಅಲ್ವಾ ಅವರು ಹೇಳಿದ್ದು?”

“ನೀನು ಅಳತೆ ತಗೊಳ್ಳದೇ ಬಟ್ಟೆ ಕತ್ತರಿಸ್ತೀಯೇನಯ್ಯ?” ಎಂದರು. “ಎಷ್ಟು ತಿಂದೆ ಅಂತ ಗೊತ್ತಾಗೋದು ತಿಂದಮೇಲೆ ತಾನೇ?”

ಅದೂ ಸರಿಯೇ ಎಂದುಕೊಂಡು ಇಸ್ತ್ರಿಯ ಕಡೆ ತಿರುಗಿದೆ. ಇಸ್ತ್ರಿ ಮಾಡುವವನ ಬುದ್ಧಿ ಎಷ್ಟು ದೂರ ಓಡೀತು?

ಸಕ್ಕರೆ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುವುದು, ಮೂರು ತಿಂಗಳ ಸರಾಸರಿ ಅಂಕಿ ಬರುವುದು. ಅದು ಏಳರ ಆಸುಪಾಸಿನಲ್ಲಿರಬೇಕಂತೆ. ನಮ್ಮದು ಒಂಬತ್ತು, ಒಂಬತ್ತೂವರೆ, ಆಮೇಲೆ ಹತ್ತೂವರೆ. ಪ್ರತಿ ಸಲವೂ ಡಾಕ್ಟರು ಪೆನ್ನಿನ ಅಂಕಿ ಏರಿಸಿದರು. ಊಟಕ್ಕೆ ಹತ್ತರಿಂದ ಶುರುವಾದದ್ದು ಹದಿನಾಲ್ಕಾಗಿ, ಇಪ್ಪತ್ತಾಗಿ, ಇಪ್ಪತ್ತಾರಕ್ಕೆ ಬಂದು ನಿಂತಿತು. ಹೊರಗೆ ಮೂವತ್ತು ಜನ ಕಾದಿರುವಾಗ ಭಾವನ ಅಂಗಿ ಎತ್ತಿ ನೋಡಲು ಪಾಪ ಅವರಿಗೂ ಪುರುಸೊತ್ತಿರಲಿಲ್ಲ.

ಹಾಗಾದರೆ ಸಕ್ಕರೆ ಎಲ್ಲಿಂದ ಬರುತ್ತಿದೆ? ನಮ್ಮ ಅಕ್ಕನಿಗೆ ಇದಕ್ಕೆ ಒಂದೇ ಉತ್ತರ ಗೊತ್ತಿದ್ದದ್ದು: ಭಾವ ಕದ್ದು ತಿನ್ನುತ್ತಿದ್ದಾರೆ. ಅವಳು ಅವರ ಜೇಬು ತಡಕಿದಳು, ದಾರದ ಡಬ್ಬಿ ಬಗ್ಗಿಸಿ ನೋಡಿದಳು, ಮಿಷನ್ನಿನ ಡ್ರಾಯರು ಎಳೆದಳು. ಒಂದು ದಿನ ಅಂಗಡಿಗೇ ಬಂದು, ನಾವು ಚಹಾಕ್ಕೆ ಇಟ್ಟುಕೊಂಡಿದ್ದ ಸಕ್ಕರೆ ಡಬ್ಬಿ, ಗಿರಾಕಿಗಳ ಮಕ್ಕಳಿಗೆಂದು ಇಟ್ಟಿದ್ದ ಪೆಪ್ಪರಮಿಂಟು, ನನ್ನ ಸ್ವಂತ ಬಿಸ್ಕತ್ತು ಪೊಟ್ಟಣ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೋದಳು. ಕದ್ದ ಮಾಲು ತಂದುಕೊಡುವವನು ನಾನೇ ಎಂದೂ ತೀರ್ಮಾನವಾಯಿತು. ಎದುರು ಬೇಕರಿಯ ಮುಂದೆ ನಿಂತು ಮಳೆಗೆ ಕೊಡೆ ಬಿಚ್ಚಿದರೂ ಅವಳು ನನ್ನ ಕೈ ನೋಡುತ್ತಿದ್ದಳು. ನಿಜ ಹೇಳಬೇಕೆಂದರೆ ಭಾವನಿಗೆ ಸಿಹಿ ಮೊದಲಿಂದಲೂ ಅಷ್ಟಕ್ಕಷ್ಟೇ. ದಿನಕ್ಕೆ ಹತ್ತು ಗಂಟೆ ಅವರ ಬೆನ್ನ ಹಿಂದೆಯೇ ನಿಲ್ಲುವವನು ನಾನು. ಎರಡು ವರ್ಷದಲ್ಲಿ ಒಂದು ತುಣುಕು ಬನ್ನೂ ಅವರ ಬಾಯಿಗೆ ಹೋದದ್ದನ್ನು ಕಂಡಿಲ್ಲ. ಹಾಗೆಂದು ಅವರು ಅಕ್ಕನಿಗೆ ಹೇಳಿದರು, ನಾನೂ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀರಲ್ಲ ಎಂದಳು ಅವಳು.

ಇದೆಲ್ಲ ನಗುವ ವಿಷಯವಾಗಿಯೇ ಇತ್ತು, ಹೆಡ್‌ಮಾಸ್ಟರ ಕೋಟಿನ ತನಕ. ಆ ಕೋಟಿನ ಬಲತೋಳು ಎಡತೋಳಿಗಿಂತ ಒಂದು ಇಂಚು ಗಿಡ್ಡ ಬಂತು. ಭಾವನ ಕತ್ತರಿಯಿಂದ ಅಂಥದ್ದು ಬಂದದ್ದು ಅದೇ ಮೊದಲು. ಟೇಪಿನ ಅಂಕಿಗಳು ಕೆಲವು ದಿನ ಮಸುಕಾಗಿ ಕಾಣುತ್ತವೆ ಎಂದು ಆಮೇಲೆ ಒಪ್ಪಿಕೊಂಡರು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಸಕ್ಕರೆ ಹೀಗೇ ಇದ್ದರೆ ಇನ್ನೊಂದು ವರ್ಷಕ್ಕೆ ಈ ಕಣ್ಣಿಗೆ ತಾವು ಜವಾಬ್ದಾರರಲ್ಲ ಎಂದರು. ಅಕ್ಕ ಮನೆಗೆ ಬಂದವಳೇ ತೀರ್ಪು ಕೊಟ್ಟಳು.

“ಇನ್ನು ಮೂರು ತಿಂಗಳು ನೋಡ್ತೀನಿ. ಅಂಕಿ ಇಳೀಲಿಲ್ಲ ಅಂದ್ರೆ ಕತ್ತರಿ ಬೀರುವಿಗೆ ಹೋಗುತ್ತೆ. ರೆಡಿಮೇಡ್ ಪ್ಯಾಂಟಿನ ಕಾಲು ಮಡಚಿ ಹೊಲ್ಕೊಂಡಿರಿ, ಸಾಕು.”

ಕೋಟು ಹೊಲಿಯುವವನಿಗೆ ಇದಕ್ಕಿಂತ ದೊಡ್ಡ ಬೈಗುಳ ಯಾವ ಭಾಷೆಯಲ್ಲೂ ಇಲ್ಲ. ಭಾವ ಅಂದು ಎರಡೇ ತುತ್ತು ಉಂಡರು. ಮರುದಿನದಿಂದ ಅನ್ನ ಅರ್ಧ ಮಾಡಿದರು, ಚಹಾ ಬಿಟ್ಟರು, ಬೆಳಿಗ್ಗೆ ನಡೆಯಲು ಹೊರಟರು. ಎಲ್ಲ ಮಾಡಿದರು, ನರ್ಸಮ್ಮ ಹೇಳಿದ ಮೂರನ್ನು ಬಿಟ್ಟು. ಅವು ಅವರ ನೆನಪಿನಲ್ಲೇ ಇರಲಿಲ್ಲ.

ಒಂದು ತಿಂಗಳು ಕಳೆದಿರಬೇಕು. ನಡಿಗೆಯಿಂದ ಮೈ ಸ್ವಲ್ಪ ಇಳಿದಿತ್ತು, ತಮಗೆಂದು ಒಂದು ಬಿಳಿ ಅಂಗಿ ಹೊಲಿದುಕೊಂಡರು. ಗುಂಡಿ ಹಾಕಿದ್ದು ನಾನು, ಇಸ್ತ್ರಿ ಮಾಡಿದ್ದೂ ನಾನು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ಗುಂಡಿಪಟ್ಟಿ ಹೊಟ್ಟೆಯ ಹತ್ತಿರ ಬಂದು ಎಡಕ್ಕೆ ವಾಲಿತು.

ನಾನು ಇಸ್ತ್ರಿಯಲ್ಲಿ ಬಟ್ಟೆ ಎಳೆದಿದ್ದೇನೆ ಎಂದು ಭಾವ ತಪ್ಪನ್ನು ನನ್ನ ಮೇಲೆ ಹಾಕಿದರು. ಅವರು ಕತ್ತರಿಸಿದ್ದೇ ಸೊಟ್ಟ ಎಂದೆ. ಅಷ್ಟು ಸಾಕಾಯಿತು. ಇಪ್ಪತ್ತೆರಡು ವರ್ಷದ ಇಸ್ತ್ರಿಯ ಮಾನ ನನ್ನದು, ಮೂವತ್ತು ವರ್ಷದ ಕತ್ತರಿಯ ಮಾನ ಅವರದು. ಅಂಗಿ ಬಿಚ್ಚಿಸಿ ಟೇಬಲ್ಲಿನ ಮೇಲೆ ಹಾಸಿ ಅಳೆದೆವು. ಎರಡು ಕಡೆಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಸ್ತ್ರಿಯದೂ ತಪ್ಪಿಲ್ಲ, ಕತ್ತರಿಯದೂ ತಪ್ಪಿಲ್ಲ. ಉಳಿದದ್ದು ಹೊಟ್ಟೆ ಒಂದೇ.

ಆಗ ನಾನು ಟೇಪು ತೆಗೆದುಕೊಂಡೆ. ಊರಿನವರ ಹೊಟ್ಟೆಗೆಲ್ಲ ಟೇಪು ಸುತ್ತಿದ ಮನುಷ್ಯನ ಹೊಟ್ಟೆಗೆ ಅಂದು ನಾನು ಟೇಪು ಹಿಡಿದೆ. ಹೊಕ್ಕುಳಿನಿಂದ ಪಕ್ಕೆಯವರೆಗೆ ಬಲಕ್ಕಿಂತ ಎಡ ಮುಕ್ಕಾಲು ಇಂಚು ಹೆಚ್ಚು. ಭಾವ ನಂಬಲಿಲ್ಲ, ಟೇಪು ಕಸಿದುಕೊಂಡು ತಾವೇ ಅಳೆದರು. ಮುಕ್ಕಾಲು ಇಂಚೇ. ಆಮೇಲೆ ಬೆರಳಿನಿಂದ ಒತ್ತಿ ನೋಡಿದರು, ನನ್ನ ಕೈಲೂ ಒತ್ತಿಸಿದರು. ಕೋಟಿನ ಭುಜಕ್ಕೆ ಇಡುತ್ತೇವಲ್ಲ ಪ್ಯಾಡು, ಅದೇ ಜಾರಿ ಹೊಟ್ಟೆಗೆ ಬಂದು ಕೂತ ಹಾಗಿತ್ತು, ಮೆತ್ತಗೆ, ದಪ್ಪಗೆ. ಚಿವುಟಿದರೂ ನೋವಿಲ್ಲ. ಮೂರು ವರ್ಷ ದಿನಕ್ಕೆ ಮೂರು ಸಲ ಚುಚ್ಚಿದ ಜಾಗ ಅದು.

ನಾನು ನರ್ಸಮ್ಮನ ಹತ್ತಿರ ಹೋಗೋಣ ಎಂದೆ. ನಿನ್ನ ಅಕ್ಕನಿಗೆ ಗೊತ್ತಾದರೆ ಇದಕ್ಕೂ ಬನ್ನೇ ಕಾರಣ ಅಂತಾಳೆ, ಬಾಯಿ ಮುಚ್ಚಿಕೊಂಡಿರು ಎಂದರು ಭಾವ. ನರ್ಸಮ್ಮನ ಮೂರು ಮಾತು ಅವರಿಗೆ ಈಗ ಒಂದೊಂದಾಗಿ ನೆನಪಾದವು ಅನಿಸುತ್ತದೆ, ಮುಖ ಸಪ್ಪಗಾಯಿತು. ಆದರೆ ದರ್ಜಿಯ ಬುದ್ಧಿ ಸುಮ್ಮನಿರುತ್ತದೆಯೇ? ಒಂದು ಮಗ್ಗುಲು ಬಟ್ಟೆ ಹಾಳಾದರೆ ಚೆನ್ನಾಗಿರುವ ಮಗ್ಗುಲಿನಿಂದ ಕತ್ತರಿಸಬೇಕು, ಅಷ್ಟೇ ತಾನೇ ಎಂದರು. ಮರುದಿನ ಮಧ್ಯಾಹ್ನ ಎರಡಕ್ಕೆ ಕಾಲು ಗಂಟೆ ಇದ್ದಾಗ, ಹೊಸ ಸೂಜಿ ಹಾಕಿ, ಹೊಟ್ಟೆಯ ಬಲಗಡೆ, ಊಟಕ್ಕೆ ಮೊದಲು ಚುಚ್ಚಿಕೊಂಡರು. ನರ್ಸಮ್ಮನ ಮೂರು ಮಾತೂ ಒಂದೇ ದಿನ ನಡೆದವು. ಅಂಕಿ ಮಾತ್ರ ಹಳೆಯದೇ, ಇಪ್ಪತ್ತಾರು. ನಾನು ಹಿಂದಿನಿಂದ ಭೇಷ್ ಅಂದೆ. ನನ್ನ ಆ ಭೇಷನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಕ್ಕ ದಿನವೂ ಎರಡಕ್ಕೆ ಸರಿಯಾಗಿ ಊಟದ ಡಬ್ಬಿ ತರುತ್ತಿದ್ದಳು. ಅಂದು ಗ್ಯಾಸಿನವನು ಬರುತ್ತಾನೆಂದು ಕಾಯುತ್ತಾ ಮನೆಯಲ್ಲೇ ಉಳಿದಳು. ಎರಡಾಯಿತು, ಎರಡೂ ಕಾಲಾಯಿತು. ಭಾವ ಬ್ಯಾಂಕಿನವರ ಬೂದು ಬಣ್ಣದ ಕೋಟಿನ ಬಟ್ಟೆ ಹಾಸಿ ಗೆರೆ ಎಳೆಯುತ್ತಿದ್ದರು. ಇದ್ದಕ್ಕಿದ್ದ ಹಾಗೆ, ಟೇಪು ಯಾಕೋ ಗಿಡ್ಡವಾಗಿದೆ ಎಂದರು. ನೀವು ಉದ್ದ ಆಗಿರಬೇಕು ಭಾವ ಎಂದೆ. ನಕ್ಕರು. ಆ ನಗು ಅವರದಾಗಿರಲಿಲ್ಲ. ಆಮೇಲೆ ಕತ್ತರಿ ಆಡಿದ ಸದ್ದು ಕೇಳಿತು, ಬಹಳ ಹೊತ್ತು, ಎಲ್ಲೂ ನಿಲ್ಲದೆ. ಭಾವ ತಿರುವಿನಲ್ಲಿ ನಿಲ್ಲಿಸಿ ನಿಲ್ಲಿಸಿ ಕತ್ತರಿಸುವವರು. ಹೋಗಿ ನೋಡಿದರೆ ಕೋಟಿನ ಮುಂಭಾಗ ಎರಡೂ ಎಡಗಡೆಯವೇ, ಮೂರನೆಯ ಎಡಕ್ಕೆ ಕತ್ತರಿ ಹೋಗುತ್ತಿದೆ. ಕೈ ನಡುಗುತ್ತಿದೆ, ಹಣೆಯ ಬೆವರು ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿದೆ. ನನ್ನ ಮುಖ ನೋಡಿ, ಟ್ರಯಲ್‌ಗೆ ಮಂಗಳವಾರ ಬನ್ನಿ ಎಂದರು.

ಸಕ್ಕರೆ ಇಳಿದರೆ ಹೀಗಾಗುತ್ತದೆ, ತಕ್ಷಣ ಸಿಹಿ ಕೊಡಬೇಕು ಎಂದು ನರ್ಸಮ್ಮ ಹೇಳಿದ್ದು ನನಗಾದರೂ ನೆನಪಿತ್ತು. ಕತ್ತರಿ ಕಿತ್ತುಕೊಂಡು ಅವರನ್ನು ಸ್ಟೂಲಿನ ಮೇಲೆ ಕೂರಿಸಿದೆ. ಡ್ರಾಯರು ಎಳೆದೆ, ಡಬ್ಬಿ ತೆಗೆದೆ. ಅಕ್ಕ ಎಷ್ಟು ಚೊಕ್ಕವಾಗಿ ಗುಡಿಸಿಕೊಂಡು ಹೋಗಿದ್ದಳೆಂದರೆ ಇಡೀ ಅಂಗಡಿಯಲ್ಲಿ ಇರುವೆಗೆ ಸಾಲುವಷ್ಟು ಸಕ್ಕರೆ ಇರಲಿಲ್ಲ. ಪಕ್ಕದ ಚಹಾದಂಗಡಿಗೆ ಓಡಿದೆ, ಕೇಳುವಷ್ಟು ವ್ಯವಧಾನವಿಲ್ಲದೆ ಅವರ ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಬಂದೆ. ಭಾವನ ಗಲ್ಲ ಹಿಡಿದು ಬೆರಳಲ್ಲಿ ಸಕ್ಕರೆ ಬಾಯಿಗಿಟ್ಟು, ನುಂಗಿ ಭಾವ, ನುಂಗಿ ಎಂದು ನೀರು ಕುಡಿಸಿದೆ. ಮತ್ತೆ ಸಕ್ಕರೆ, ಮತ್ತೆ ನೀರು.

ಸರಿಯಾಗಿ ಆ ಹೊತ್ತಿಗೆ ಬಾಗಿಲಲ್ಲಿ ಅಕ್ಕ. ಒಂದು ಕೈಯಲ್ಲಿ ಊಟದ ಡಬ್ಬಿ. ಎದುರಿಗೆ, ಅವಳು ಎರಡು ವರ್ಷದಿಂದ ಹಿಡಿಯಬೇಕೆಂದಿದ್ದ ದೃಶ್ಯ: ಅವಳ ಗಂಡ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದಿದ್ದಾರೆ, ಅವಳ ತಮ್ಮ ಸಕ್ಕರೆ ಡಬ್ಬಿ ಹಿಡಿದು ತಿನ್ನಿಸುತ್ತಿದ್ದಾನೆ. ಡಬ್ಬಿ ಕೆಳಗಿಟ್ಟು ಬಂದವಳು ನನ್ನ ಬೆನ್ನಿಗೆ ಒಂದು ಬಿಟ್ಟಳು. ಎರಡನೆಯದಕ್ಕೆ ಕೈ ಎತ್ತಿದವಳಿಗೆ ಭಾವನ ಮುಖ ಕಂಡಿತು. ಕೈ ಅಲ್ಲೇ ನಿಂತಿತು. ಆಮೇಲೆ ಅವಳೇ ಸಕ್ಕರೆ ಡಬ್ಬಿ ಕಿತ್ತುಕೊಂಡು ಅವರ ಬಾಯಿಗಿಟ್ಟಳು, ನನಗಿಂತ ಹೆಚ್ಚು ಹೆಚ್ಚಾಗಿ.

ಹತ್ತು ನಿಮಿಷಕ್ಕೆ ಭಾವನ ಕಣ್ಣು ತಿಳಿಯಾಯಿತು. ಊಟ ಮಾಡಿಸಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನರ್ಸಮ್ಮ ಅಂಗಿ ಎತ್ತಿಸಿ ಎಡಗಡೆ ಒತ್ತಿ ನೋಡಿ, ಯಾರೂ ಇದನ್ನು ನೋಡಲಿಲ್ಲವೇ ಎಂದು ಡಾಕ್ಟರ ಕೋಣೆಯ ಕಡೆಗೇ ತಿರುಗಿ ಕೇಳಿದರು. ಆಮೇಲೆ ನಮಗೆ ತಿಳಿಸಿ ಹೇಳಿದರು. ಮೊಂಡು ಸೂಜಿಯಿಂದ ಒಂದೇ ಕಡೆ ಚುಚ್ಚಿ ಚುಚ್ಚಿ ಅಲ್ಲಿ ಗಂಟು ಬೆಳೆದಿದೆ. ಆ ಗಂಟಿಗೆ ಹಾಕಿದ ಔಷಧಿ ಅಲ್ಲೇ ಕೂತುಬಿಡುತ್ತದೆ, ಮನಸ್ಸು ಬಂದಾಗ ಸ್ವಲ್ಪ ಸ್ವಲ್ಪ ಮೈಗೆ ಬಿಡುತ್ತದೆ. ಅದರ ಮೇಲೆ ಊಟವಾದ ನಂತರ ಚುಚ್ಚಿದರೆ, ಔಷಧಿ ಎದ್ದು ಹೊರಡುವ ಹೊತ್ತಿಗೆ ಊಟದ ಸಕ್ಕರೆ ಆಗಲೇ ಮೇಲೇರಿರುತ್ತದೆ. ಇಳಿಯಲಿಲ್ಲ ಎಂದು ಡಾಕ್ಟರು ಅಂಕಿ ಏರಿಸುತ್ತಾ ಹೋದರು. ಇಂದು ಒಳ್ಳೆಯ ಚರ್ಮಕ್ಕೆ ಇಪ್ಪತ್ತಾರೂ ಪೂರ್ತಿ ಹೋಯಿತು, ಊಟವೂ ತಡವಾಯಿತು. ಜಾಗ ಬದಲಿಸುವ ಮೊದಲು ಬಂದು ಕೇಳಿದ್ದರೆ ಅಂಕಿ ಇಳಿಸಿಕೊಡುತ್ತಿದ್ದೆವಲ್ಲ ಎಂದರು. ಡಾಕ್ಟರು ಇಪ್ಪತ್ತಾರನ್ನು ಹದಿನಾಲ್ಕಕ್ಕೆ ಇಳಿಸಿದರು, ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡಿ ಬರೆದು ತರಲು ಹೇಳಿದರು.

“ಹಾಗಾದ್ರೆ ಇವರು ಸಿಹಿ ತಿಂದಿದ್ದರಿಂದ ಅಲ್ವಾ?” ಎಂದಳು ಅಕ್ಕ, ಮೆಲ್ಲಗೆ.

ಇಂಥ ಗಂಟು ಇಟ್ಟುಕೊಂಡವರಿಗೆ ಸಿಹಿ ಬೇರೆ ಬೇಕೇನಮ್ಮ ಎಂದರು ನರ್ಸಮ್ಮ. ವಾಪಸು ಬರುವಾಗ ಬೇಕರಿಯ ಮುಂದೆ ಹಾದರೂ ಅಕ್ಕ ನನ್ನ ಕೈ ನೋಡಲಿಲ್ಲ.

ಬ್ಯಾಂಕಿನವರಿಗೆ ಹೊಸ ಬಟ್ಟೆ ತಂದು ಕೋಟು ಹೊಲಿದುಕೊಟ್ಟೆವು. ಭಾವ ಹಟಮಾರಿಯಾದರೂ, ಒಮ್ಮೆ ಅಳತೆ ತಪ್ಪಿತೆಂದು ಕಣ್ಣಾರೆ ಕಂಡರೆ ಎರಡನೆಯ ಸಲ ತಪ್ಪುವವರಲ್ಲ. ಸೀಮೆಸುಣ್ಣದಿಂದ ಕಾಗದದ ಮೇಲೆ ಹೊಟ್ಟೆಯ ನಕ್ಷೆ ಬರೆದು, ಗಂಟಿನ ಜಾಗ ಬಿಟ್ಟು ನಾಲ್ಕು ಭಾಗ ಮಾಡಿ, ವಾರಕ್ಕೊಂದು ಭಾಗ, ಅದರೊಳಗೂ ಪ್ರತಿ ಸಲ ಒಂದು ಬೆರಳು ಆಚೆ ಎಂದು ಗೋಡೆಗೆ ಅಂಟಿಸಿದರು. ಗಿರಾಕಿಗಳು ಅದು ಯಾವ ಹೊಸ ಮಾದರಿಯ ಅಂಗಿ ಎಂದು ಕೇಳಿದರು. ಪ್ರತಿ ಚುಚ್ಚಿಗೂ ಹೊಸ ಸೂಜಿ. ಬಳಸಿದ್ದನ್ನು ಡಬ್ಬಿಗೆ ಹಾಕುವಾಗ ಮೊದಲ ವಾರ ಅವರ ಮುಖ ನೋಡಲಾಗುತ್ತಿರಲಿಲ್ಲ. ಊಟದ ಡಬ್ಬಿ ಕಣ್ಣ ಮುಂದೆ ಬಂದ ಮೇಲೆಯೇ ಪೆನ್ನು ಕೈಗೆ, ಆಮೇಲೆ ಕಾಲು ಗಂಟೆ ನಾವಿಬ್ಬರೂ ಮುಚ್ಚಿದ ಡಬ್ಬಿ ನೋಡುತ್ತಾ ಕೂರುವುದು. ಹಸಿದವನಿಗೆ ಆ ಕಾಲು ಗಂಟೆ ಎಷ್ಟು ಉದ್ದ ಎಂದು ನನ್ನನ್ನು ಕೇಳಿ.

ಅಕ್ಕ ಕೊಟ್ಟ ಗಡುವು ಮುಗಿದ ದಿನ ರಿಪೋರ್ಟು ತರಲು ಅವಳೊಬ್ಬಳೇ ಹೋದಳು. ಭಾವ ಬೆಳಗಿನಿಂದ ಕತ್ತರಿ ಹಿಡಿದರು, ಇಟ್ಟರು, ಎಣ್ಣೆ ಬಿಟ್ಟರು, ಒರೆಸಿದರು. ಒಂದು ಗೆರೆಯನ್ನೂ ಕತ್ತರಿಸಲಿಲ್ಲ. ಒಳಗೆ ಬಂದ ಅಕ್ಕ ರಿಪೋರ್ಟನ್ನು ಕಟಿಂಗ್ ಟೇಬಲ್ಲಿನ ಮೇಲಿಟ್ಟಳು. ಅಂಕಿ ಏಳು ಪಾಯಿಂಟ್ ಎಂಟು, ಎಂಟಕ್ಕಿಂತ ಎರಡು ಗೆರೆ ಕೆಳಗೆ. ಹೀಗೇ ನಡೆದರೆ ಕಣ್ಣಿಗೆ ಏನೂ ಭಯವಿಲ್ಲ ಎಂದು ಡಾಕ್ಟರು ಹೇಳಿದರಂತೆ. ಭಾವ ಅದನ್ನು ಮೂರು ಸಲ ಓದಿದರು. ಕನ್ನಡಕವಿಲ್ಲದೆ ಓದಿದರು, ಅದನ್ನು ನಾವಿಬ್ಬರೂ ಗಮನಿಸಬೇಕೆಂದು ಕಾದರು ಕೂಡ.

ಅಕ್ಕ ಕೂರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು.

“ರೀ, ಎರಡು ವರ್ಷ ನಿಮ್ಮನ್ನ ಕಳ್ಳ ಅಂದೆ,” ಎಂದಳು. “ಜೇಬು ತಡಕಿದೆ. ನೀವು ತಿಂದಿಲ್ಲ ಅಂತ ಎಷ್ಟು ಸಲ ಹೇಳಿದ್ರಿ, ನಾನು ನಂಬಲಿಲ್ಲ.”

ಕಣ್ಣು ತುಂಬಿತು. ನಮ್ಮ ಅಕ್ಕ ತಪ್ಪಾಯಿತು ಎನ್ನುವುದನ್ನು ನಾನು ಈ ಐವತ್ತು ವರ್ಷದಲ್ಲಿ ಕೇಳಿಲ್ಲ. ಭಾವ ಗೆದ್ದಿದ್ದರು. ಎರಡು ವರ್ಷದ ಅವಮಾನವನ್ನು ಬಡ್ಡಿ ಸಮೇತ ಹಿಂತಿರುಗಿಸಬಹುದಾದ ಗಳಿಗೆ ಅದು. ಅವರು ಅವಳ ಮುಖವನ್ನು ನೋಡಿದರು, ಒಂದು ನಿಮಿಷವೂ ನೋಡಲಾಗಲಿಲ್ಲ ಅವರಿಗೆ.

“ಒಂದೆರಡು ಸಲ ತಿಂದಿದ್ದೆ ಕಣೇ,” ಎಂದರು. “ಬೇಕರಿ ಬನ್ನು.”

ಇಂಥ ಹಸಿ ಸುಳ್ಳನ್ನು ಭಾವ ಹೇಳಿದ್ದನ್ನೂ ನಾನು ಅಂದೇ ಕೇಳಿದ್ದು. ಅಕ್ಕನ ಕಣ್ಣೀರು ಅರ್ಧ ದಾರಿಯಲ್ಲೇ ನಿಂತಿತು. ಬಗ್ಗಿದ್ದ ಕತ್ತು ನೆಟ್ಟಗಾಯಿತು, ಸೊಂಟಕ್ಕೆ ಕೈ ಬಂತು.

“ನಾನು ಹೇಳಿರಲಿಲ್ವಾ? ಯಾರು ತಂದುಕೊಟ್ಟಿದ್ದು?”

ಅವಳು ನನ್ನ ಕಡೆ ತಿರುಗಿದಳು. ಅವಳ ಹಿಂದೆ ನಿಂತ ಭಾವ ಎರಡೂ ಕೈ ಜೋಡಿಸಿದರು, ಮೂವತ್ತು ವರ್ಷದಲ್ಲಿ ಯಾವ ಗಿರಾಕಿಗೂ ಜೋಡಿಸದ ಕೈ. ನಾನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದೆ.

“ನಾನೇ ಅಕ್ಕ,” ಎಂದೆ.

ಅರ್ಧ ಗಂಟೆ ಬೈದಳು. ಚಹಾದಂಗಡಿಯವರೂ ಬಂದು ಬಾಗಿಲಲ್ಲಿ ನಿಂತು ಕೇಳಿದರು. ಬೈದು ಮುಗಿಸುವ ಹೊತ್ತಿಗೆ ಅವಳ ಮುಖ ಮೊದಲಿನಂತಾಗಿತ್ತು, ಭಾವ ಬಟ್ಟೆ ಹಾಸಿಕೊಂಡು ಕತ್ತರಿಸಲು ಶುರುಮಾಡಿದ್ದರು.